ತೊಳೆಯದೆ ಬಂದ ಡಬ್ಬಿ

ಎಲಿಕಾಟ್ ಸಿಟಿ, ಮೇರಿಲ್ಯಾಂಡ್
೯ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ತಂಗಿ ನಮ್ರತಾಗೆ ಅಕ್ಕನ ಆಶೀರ್ವಾದ.

ನೀನು ಕ್ಷೇಮವಾಗಿದ್ದೀಯ ಎಂದು ನಂಬಿದ್ದೇನೆ. ನಂಬದೆ ಬೇರೆ ದಾರಿಯಿಲ್ಲ, ನನ್ನ ನಂಬರನ್ನು ನೀನು ಬ್ಲಾಕ್ ಮಾಡಿ ಎಂಟು ತಿಂಗಳಾಯಿತು. ನಿನ್ನ ಬೆನ್ನುನೋವು ಹೇಗಿದೆ? ಹಗಲೆಲ್ಲ ಕಂಪ್ಯೂಟರಿನ ಮುಂದೆ, ಸಂಜೆಯೆಲ್ಲ ಬಾಗಿ ಕುಳಿತು ಚಿತ್ರದ ಪುಸ್ತಕ ಓದುವವರಿಗೆ ಬರುವ ನೋವು ಅದು. ಇಪ್ಪತ್ತೆಂಟಕ್ಕೇ ಬಂದಿದೆ, ಮುಂದಿನದು ನೀನೇ ಲೆಕ್ಕ ಹಾಕಿಕೊ. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲೇ ತೆಗೆದುಕೊಳ್ಳುತ್ತೀಯ ತಾನೆ? ಫಾರ್ಮಸಿಯಲ್ಲಿ ದಿನಕ್ಕೆ ನೂರು ಜನರಿಗೆ ಇದನ್ನೇ ಹೇಳುತ್ತೇನೆ, ಮನೆಯವರು ಮಾತ್ರ ಕೇಳುವುದಿಲ್ಲ. ನಿನ್ನ ಭಾವ ಕಲ್ಮೇಶ್ ಆರಾಮಾಗಿದ್ದಾರೆ. ಅಜ್ಜಿಗೆ, ನಮ್ಮ ಆಯಿಗೆ, ಎಂಬತ್ತನಾಲ್ಕು ತುಂಬಿತು. ಕಣ್ಣಿನ ನಡುಭಾಗ ಪೂರ್ತಿ ಮಸುಕಾಗಿ ಈಗ ಯಾರ ಮುಖವೂ ಕಾಣುವುದಿಲ್ಲ. ಕಿವಿ ಮಾತ್ರ ಬಹಳ ಚುರುಕಾಗಿದೆ. ಎಷ್ಟು ಚುರುಕು ಎನ್ನುವುದು ಈ ಪತ್ರ ಮುಗಿಯುವಷ್ಟರಲ್ಲಿ ನಿನಗೂ ತಿಳಿಯುತ್ತದೆ.

ನಿನ್ನ ಆ ಜಪಾನಿ ಚಿತ್ರಕಥೆಯ ವಿಷಯಕ್ಕೇ ಬರೆಯುತ್ತಿದ್ದೇನೆ. ಎರಡು ಸಾವಿರದ ಇಪ್ಪತ್ತರಲ್ಲಿ, ನಾನು ಮೂಗುಬಾಯಿ ಕಟ್ಟಿಕೊಂಡು ಆಸ್ಪತ್ರೆಯ ಫಾರ್ಮಸಿಯಲ್ಲಿ ಹನ್ನೆರಡು ತಾಸು ನಿಲ್ಲುತ್ತಿದ್ದಾಗ, ನೀನು ಓದಿ ಹೇಳುತ್ತ, ಆಯಿ ಕೇಳುತ್ತ, ನನ್ನ ಅಡುಗೆಮನೆಯ ಟೇಬಲ್ಲಿನಲ್ಲಿ ಕುಳಿತು ಶುರುಮಾಡಿದ ಕಥೆ ಅದು. ಬುತ್ತಿ ಅಂಗಡಿಯವನ ಮಗಳು ಹಾನಾ, ಅವ್ವನಿಲ್ಲದ ಹುಡುಗಿ. ಅವಳಿಗಿಂತ ಎರಡು ಕ್ಲಾಸ್ ಮೇಲಿನ ರಿಕು ದಿನಾ ಬುತ್ತಿ ಮರೆತು ಶಾಲೆಗೆ ಬರುತ್ತಾನೆ. ಇವಳು ದಿನಾ ಎರಡನೇ ಡಬ್ಬಿ ಕಟ್ಟಿ ಒಯ್ಯುತ್ತಾಳೆ. ಅವನು ಉಂಡು, ಡಬ್ಬಿ ತೊಳೆದು, ಒರೆಸಿ ವಾಪಸ್ ಕೊಡುತ್ತಾನೆ, ಒಂದೇ ಒಂದು ಮಾತು ಆಡುವುದಿಲ್ಲ. ಹೀಗೆ ಹತ್ತೊಂಬತ್ತು ಪುಸ್ತಕ! ಆಯಿ ಹಾನಾಳನ್ನು ಹನುಮವ್ವ ಮಾಡಿದಳು, ರಿಕು ರಾಚಪ್ಪನಾದ. ನಾನು ದಣಿದು ಮನೆಗೆ ಬಂದರೆ "ಉಂಡೀಯೇನು" ಎಂದು ಕೇಳುವ ಬದಲು, "ಇವತ್ತೂ ಬಾಯಿ ಬಿಡಲಿಲ್ಲ ನೋಡ ಆ ರಾಚ್ಯಾ, ಬಾಯಾಗ ಬೆಲ್ಲ ಇಟ್ಕೊಂಡಾನೇನೋ" ಎನ್ನುತ್ತಿದ್ದಳು. ರಾಚ್ಯಾ ಯಾರು ಎಂದು ಕೇಳುವ ತಾಳ್ಮೆ ಆಗ ನನಗಿರಲಿಲ್ಲ.

ನೀನು ಕೆಲಸ ಸಿಕ್ಕಿ ಅಟ್ಲಾಂಟಾ ಪಕ್ಕದ ಡುಲುತ್‌ಗೆ ಹೋದ ಮೇಲೂ ಕಥೆ ನಿಲ್ಲಲಿಲ್ಲ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಫೋನು. ಆಯಿ ಒಂಬತ್ತಕ್ಕೇ ಸೀರೆ ಬದಲಿಸಿ ಕುಳಿತುಬಿಡುತ್ತಿದ್ದಳು. ಅದು ಟಿವಿಯಲ್ಲಿ ಕಾರ್ಟೂನ್ ಆಗಿ ಬಂದಾಗ ನೀನು ಕ್ರಿಸ್‌ಮಸ್ ರಜೆಗೆ ಬಂದು ನನ್ನ ಸೋಫಾದ ಮೇಲೆ ಅವಳನ್ನು ಕೂರಿಸಿಕೊಂಡೆ. ಹನುಮವ್ವನ ದನಿ ಕೇಳಿ ಆಯಿ, "ಬಾಲ ತುಳಿಸ್ಕೊಂಡ ಬೆಕ್ಕಿನಂಗ ಒದರತಾಳ, ಇಕಿ ನಮ್ಮ ಹುಡುಗಿ ಅಲ್ಲ" ಎಂದು ಎದ್ದು ಹೋದಳು. ಮುಂದೆ ನಿಜವಾದ ನಟನಟಿಯರ ಸಿನಿಮಾ ಬಂತು. ಅದನ್ನು ಕೇಳಲೆಂದೇ ಒಂದು ತಿಂಗಳು ನಿನ್ನ ಮನೆಗೆ ಬಂದಳು. ವಾಪಸ್ ಬಂದವಳು, "ಎರಡ ತಾಸಿನ್ಯಾಗ ಲಗ್ನಾ ಮಾಡಿ ಮುಗಿಸ್ಯಾರ, ಸಿನಿಮಾದವರಿಗೆ ಸಂಸಾರ ಗೊತ್ತಿಲ್ಲ, ನಮ್ಮ ನಮ್ರತಾ ಹೇಳೂದ ಖರೆ" ಎಂದು ತೀರ್ಪು ಕೊಟ್ಟಳು. ಹನುಮವ್ವನ ಉಡಿ ತುಂಬಲು ಅವ್ವನಿಲ್ಲ ಎಂದು ಟ್ರಂಕಿನಿಂದ ಗುಳೇದಗುಡ್ಡದ ಕುಪ್ಪಸದ ಖಣ ತೆಗೆದು, ಹಸಿರು ಅಂಚಿನದು, ಬೇರೆ ಇಟ್ಟಳು. ಪುಸ್ತಕದ ಹುಡುಗಿಗೆ ಖಣ! ನನ್ನ ಉಡಿ ತುಂಬುವಾಗ ಕೊಟ್ಟದ್ದು ಬಾಲ್ಟಿಮೋರ್ ಅಂಗಡಿಯ ಪಾಲಿಸ್ಟರ್.

ಮಾರ್ಚ್‌ನಲ್ಲಿ ನೀನು ಕಥೆ ನಿಲ್ಲಿಸಿದೆ. ಆಯಿಗೆ ಈ ಹುಡುಗಾಟದ ಕಥೆ ಸಾಕಾಗಿದೆ, ನಿನ್ನ ಮನಸ್ಸು ನೋಯಿಸಬಾರದೆಂದು ಸುಮ್ಮನೆ ಕೇಳುತ್ತಿದ್ದಾಳೆ ಎಂದು ನಾನು ತಿಳಿಸಿದ ಮಾತಿಗೆ ಎಷ್ಟು ರೋಷ ನಿನಗೆ! ಅವಳನ್ನೇ ಒಂದು ಮಾತು ಕೇಳಲಿಲ್ಲ. "ಫೈನ್, ಬೋರ್ ಆಗಿದ್ರೆ ಬಿಡಲಿ, ಐ ಆ್ಯಮ್ ಡನ್" ಎಂದು ಹದಿನಾಲ್ಕನೇ ಪುಸ್ತಕದ ನಡುವೆ ಹುಡುಗ ಹುಡುಗಿಯನ್ನು ರೈಲು ನಿಲ್ದಾಣದಲ್ಲೇ ಬಿಟ್ಟು ಹೋದೆ. ಮೂರು ಭಾನುವಾರ ಆಯಿ ಸೀರೆ ಬದಲಿಸಿ, ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಮಧ್ಯಾಹ್ನದ ತನಕ ರೊಟ್ಟಿ ಮುಟ್ಟಲಿಲ್ಲ. ನೀನೇ ಫೋನ್ ಮಾಡಬೇಕು, ತಾನು ಮಾಡುವುದಿಲ್ಲ ಎಂದಳು. ಈ ಮನೆಯಲ್ಲಿ ಸ್ವಾಭಿಮಾನಕ್ಕೆ ಎಂದೂ ಬರಗಾಲವಿಲ್ಲ.

ನಾಲ್ಕನೇ ಭಾನುವಾರ ನಾನು ನೆಲಮಾಳಿಗೆಗೆ ಇಳಿದು, ದನಿ ಮೇಲೆ ಕೇಳಿಸದಿರಲೆಂದು ಬಟ್ಟೆ ಒಣಗಿಸುವ ಮಷೀನು ಹಚ್ಚಿ, ನನ್ನ ಕೆಲಸದ ಫೋನಿನಿಂದ ಆಯಿಗೆ ಕರೆ ಮಾಡಿ, ನಿನ್ನ ದನಿಯಲ್ಲಿ ಮಾತಾಡಿದೆ. ಸಣ್ಣಂದಿನಿಂದ ನಮ್ಮಿಬ್ಬರ ದನಿ ಒಂದೇ. ಅಪ್ಪನೇ ಫೋನಿನಲ್ಲಿ ಮೋಸ ಹೋಗುತ್ತಿದ್ದರು. ಸ್ವಲ್ಪ ನಗು ಬೆರೆಸಿ, ಎರಡು ಮಾತಿಗೊಮ್ಮೆ "ಲೈಕ್" ಹಾಕಿದರೆ ಈ ಶ್ರೀದೇವಿ ನಮ್ರತಾ ಆಗಿಬಿಡುತ್ತಾಳೆ, ಕಷ್ಟವೇನಿಲ್ಲ. ಕರುಣೆಯಿಂದ ಮಾಡಿದೆ ಎಂದು ಬರೆದರೆ ನೀನು ನಗುತ್ತೀಯ, ಹಾಗಾಗಿ ಬರೆಯುವುದಿಲ್ಲ. ಫೋನೆತ್ತಿದ ಕೂಡಲೇ ಆಯಿ "ಬಾರಬೇ ನನ್ನ ಬಂಗಾರಾ" ಎಂದಳು. ಒಂಬತ್ತು ವರ್ಷದಿಂದ ಅವಳ ಕಾಲಿಗೆ ಎಣ್ಣೆ ಹಚ್ಚುತ್ತಿರುವ ನನಗೆ ಆ ಮಾತು ಒಂದು ಸಲವೂ ಬಂದಿರಲಿಲ್ಲ. ಅದಕ್ಕಾಗಿಯೇ ಪ್ರತಿ ಭಾನುವಾರ ಇಳಿದೆ. ಅಸೂಯೆ ಎಂದರೆ ಅಸೂಯೆ ಅನ್ನು, ನನಗೆ ಬೇಕಾಗಿತ್ತು.

ಪುಸ್ತಕಗಳನ್ನು ಕೌಂಟಿ ಲೈಬ್ರರಿಯಿಂದ ತಂದೆ. ಬಲದಿಂದ ಎಡಕ್ಕೆ ಓದಬೇಕೆನ್ನುವುದು ಯಾರಿಗೆ ಗೊತ್ತಿತ್ತು? ಮೊದಲ ದಿನ ಹಿಂದುಮುಂದಾಗಿ ಹೇಳಿದೆ. ಇಬ್ಬರೂ ಮೊದಲು ರೈಲಿನಿಂದ ಇಳಿದು ಆಮೇಲೆ ಹತ್ತಿದರು. ಹಾನಾ ಅವನನ್ನು ಕರೆಯುವ ಜಪಾನಿ ಪದಕ್ಕೆ ಶಾಲೆಯಲ್ಲಿ ತನಗಿಂತ ಹಿರಿಯ ಎಂದು ಪುಸ್ತಕದ ಹಿಂದೆ ಅರ್ಥ ಕೊಟ್ಟಿದ್ದರು, ನಾನು "ರಾಚಪ್ಪಣ್ಣ" ಎಂದೆ. ಆಯಿ ಒಂದು ಗಳಿಗೆ ಸುಮ್ಮನಾದಳು. ಲೈನು ಕಟ್ಟಾಯಿತೇನೋ ಅಂದುಕೊಂಡೆ. ಆಮೇಲೆ "ಹ್ಞೂಂ, ಮುಂದ ಹೇಳಬೇ" ಎಂದಳು. ಬಟ್ಟೆ ತೆಗೆಯಲು ಇಳಿದ ಕಲ್ಮೇಶ್ ಮಾತ್ರ ಮೆಟ್ಟಿಲ ಮೇಲೇ ನಿಂತು, "ಯಾಕೆ ಶ್ರೀ ಅವಳ ಥರ ನಗ್ತಿದೀಯ? ದಿಸ್ ಈಸ್ ನಾಟ್ ಓಕೆ" ಎಂದು ಬುಟ್ಟಿ ಅಲ್ಲೇ ಬಿಟ್ಟು ಹತ್ತಿಹೋದರು.

ಕಥೆ ಮುಗಿದ ಮೇಲೆ ಆಯಿ ಮನೆಯ ಸುದ್ದಿ ಹೇಳುತ್ತಿದ್ದಳು. ಮನೆಯ ಸುದ್ದಿ ಎಂದರೆ ನಾನು. "ನಿಮ್ಮಕ್ಕನ ರೊಟ್ಟಿ ತಿಂದೂ ನನ್ನ ಹಲ್ಲು ಉಳಿದಾವಂದ್ರ ಪುಣ್ಯಾನ ಅನ್ನಬೇಕ." "ಅಕಿ ಕೈ ಯಾವಾಗ್ಲೂ ತಣ್ಣಗ, ಹಿಡದ್ರ ಮೈ ಝುಂ ಅಂತೈತಿ, ನಿನ್ನ ಕೈ ಹಂಗಲ್ಲ, ಬೆಚ್ಚಗ." "ಗಂಡ ದೇವರಂಥಾಂವ, ಅಂವಗ ಇಕಿ ಗಂಟು ಬಿದ್ದಾಳ." "ನನ್ನ ನೋಡ್ಕೊಳ್ಳೂದು ಮಂದಿ ಶಹಬ್ಬಾಸ್ ಅನ್ನಲಿ ಅಂತ." ನಾನು ನಿನ್ನ ಹಾಗೆ ನಕ್ಕು, "ಹೌದಾ ಆಯಿ? ಶೀ ಈಸ್ ಲೈಕ್ ದಟ್" ಎನ್ನಬೇಕಾಗಿತ್ತು. ದೂರದ ಬೆಟ್ಟ ನುಣ್ಣಗೆ ಎನ್ನುವುದನ್ನು ಬೆಟ್ಟದ ದನಿಯಲ್ಲೇ ಕೇಳಿಸಿಕೊಂಡವಳು ನಾನೊಬ್ಬಳೇ ಇರಬೇಕು. ಕೇಳಿಸಿಕೊಂಡು ಮೇಲೆ ಬಂದು ಅವಳಿಗೆ ಬಿಸಿ ಅನ್ನ ಕಲಸಿ ಕೊಡುತ್ತಿದ್ದೆ. ರೊಟ್ಟಿ ಮಾಡುವುದನ್ನು ಬಿಟ್ಟುಬಿಟ್ಟೆ.

ಅಕ್ಟೋಬರ್ ಹತ್ತೊಂಬತ್ತರಂದು ಅವಳು ಇನ್ನೊಂದು ಮಾತು ಅಂದಳು. "ನಿಮ್ಮವ್ವ ಸತ್ತಾಗ ನಿಮ್ಮಕ್ಕ ಒಂದು ಹನಿ ಕಣ್ಣೀರು ಹಾಕಲಿಲ್ಲ ನೋಡ. ಹದಿನೈದು ವರ್ಷದಾಕಿ. ಹೆತ್ತಾಕಿ ಹೋದ್ರೂ ಕರಗದ ಕಲ್ಲು." ನಮ್ರತಾ, ಆ ದಿನ ನಿನಗೆ ಎಂಟು ವರ್ಷ. ಬೆಳಗಿನಿಂದ ಸಂಜೆಯವರೆಗೆ ನನ್ನ ಲಂಗದ ಅಂಚನ್ನು ನೀನು ಬಿಟ್ಟಿರಲಿಲ್ಲ. ನನ್ನ ಮುಖ ನೋಡುತ್ತಿದ್ದೆ, ನಾನು ಅತ್ತರೆ ನೀನೂ ಅಳುವುದು ಎಂದು ನಿರ್ಧರಿಸಿದವಳ ಹಾಗೆ. ನಾನು ಅಳಲಿಲ್ಲ. ಅಷ್ಟೇ ನಡೆದದ್ದು. ಆಮೇಲೆ ಅಳುವುದಕ್ಕೆ ಹೊತ್ತು ಮೀರಿತ್ತು. ಈಗ ನಿನ್ನ ದನಿಯಲ್ಲಿ ನಾನೇ ಅದಕ್ಕೆ "ಹೌದು ಆಯಿ" ಅಂದೆ. ಅಂದು ಫೋನಿಟ್ಟು, ಒಣಗಿದ ಬಟ್ಟೆಯನ್ನೆಲ್ಲ ಮತ್ತೊಮ್ಮೆ ಒಗೆಯಲು ಹಾಕಿದೆ.

ಮುಂದಿನ ಭಾನುವಾರ ಕೊನೆಯ ಪುಸ್ತಕದ ಕೊನೆಯ ಭಾಗ. ಪುಸ್ತಕದಲ್ಲಿ ಏನಿದೆ ನಿನಗೆ ಗೊತ್ತು. ರಿಕು ಒಂದು ದಿನವೂ ಬುತ್ತಿ ಮರೆತಿರಲಿಲ್ಲ, ಪ್ರತಿದಿನವೂ ಚೀಲದಲ್ಲೇ ಇತ್ತು, ಅವಳು ಕೊಡಲಿ ಎಂದು ಮುಚ್ಚಿಡುತ್ತಿದ್ದ. ಕೊನೆಗೆ ತಾನೇ ಅಡುಗೆ ಮಾಡಿ, ಸೀದುಹೋದ ಅನ್ನದ ಡಬ್ಬಿ ಅವಳ ಕೈಗಿಟ್ಟು ಆ ಒಂದು ಮಾತು ಆಡುತ್ತಾನೆ. ಐದು ವರ್ಷ ಆಯಿ ಕಾದದ್ದು ಆ ಮಾತಿಗೆ. ಪುಸ್ತಕ ನನ್ನ ತೊಡೆಯ ಮೇಲೆ ತೆರೆದಿತ್ತು. ನಾನು ಹೇಳಿದೆ: ರಾಚಪ್ಪ ಒಸಾಕಾಗೆ ಹೋಗಿ ಮ್ಯಾನೇಜರನ ಮಗಳನ್ನು ಮದುವೆಯಾದ. ಹನುಮವ್ವ ಕೊನೆಯ ಸಲ ಕಟ್ಟಿ ಕಳಿಸಿದ ಬುತ್ತಿಯ ಡಬ್ಬಿ ಪೋಸ್ಟಿನಲ್ಲಿ ವಾಪಸ್ ಬಂತು, ತೊಳೆಯದೆ. ಅನ್ನ ಅಂಟಿಕೊಂಡೇ ಇತ್ತು. ಕಥೆ ಮುಗಿಯಿತು.

ಆಯಿ ಮದುವೆಯ ಸುದ್ದಿ ಬಿಟ್ಟು ಡಬ್ಬಿಯ ಮಾತನ್ನೇ ಹಿಡಿದು "ತೊಳಿಲೇ ಇಲ್ಲಾ?" ಎಂದು ಕೇಳಿದಳು. ಎರಡು ಸಲ ಕೇಳಿದಳು. ಎರಡು ಸಲವೂ ಇಲ್ಲ ಎಂದೆ, ನಿನ್ನ ದನಿಯಲ್ಲಿ, ಬಹಳ ಸಮಾಧಾನದಿಂದ. ನನಗೆ ಸಂತೋಷವಾಯಿತು ನಮ್ರತಾ, ಸುಳ್ಳು ಬರೆಯುವುದಿಲ್ಲ.

ಮೇಲೆ ಬಂದಾಗ ಆಯಿ ಟೇಬಲ್ಲಿನ ಹತ್ತಿರ ಕುಳಿತಿದ್ದಳು. ಹಸಿರು ಅಂಚಿನ ಖಣ ಮುಂದೆ ಇತ್ತು. ಅದನ್ನು ನನ್ನ ಕಡೆ ನೂಕಿ, "ಹನುಮವ್ವನ ಖಣ. ಇನ್ಯಾರಿಗೆ ಬೇಕ? ಒಲಿ ಒರಸಾಕ ಇಟ್ಕೊ" ಎಂದಳು. ಅದೇ ಉಸಿರಿನಲ್ಲಿ, "ಮುಗೀತಲ್ಲಾ ನಿನ್ನ ಕಥಿ, ಶ್ರೀದೇವಿ?" ಎಂದಳು. ನಮ್ರತಾ ಫೋನ್ ಮಾಡಿದ್ದಳೇ ಎಂದು ನಾನು ನಾಟಕ ಆಡಲು ಹೋದೆ. ಆಗ ಹೇಳಿದಳು. ಐದು ವರ್ಷದ ಹಿಂದೆ ಮೊದಲ ದಿನ ನೀನೂ ರಾಚಪ್ಪಣ್ಣ ಎಂದಿದ್ದೆಯಂತೆ. "ಅಣ್ಣ ಅಂದ ಬಾಯಿಲೆ ಗಂಡ ಅಂತಾಳೇನು? ಮುಚ್ಚಬೇ ಆ ಪುಸ್ತಕ" ಎಂದು ಆಯಿ ಎದ್ದಿದ್ದಳಂತೆ. ಮರುದಿನ ನೀನು ಅಣ್ಣನನ್ನು ಮಾವ ಮಾಡಿದೆ. ಸೋದರಮಾವನನ್ನೇ ಕಟ್ಟಿಕೊಂಡ ಆಯಿಗೆ ಸಂಬಂಧ ಕೂಡಿಬಂತು, ಅಂದಿನಿಂದ ಎಂದೂ ಆ ಮಾತು ತಪ್ಪಿಲ್ಲ. "ನಮ್ರತಾ ಮಾವ ಅಂತಾಳ. ಅಣ್ಣ ಅಂದಾಕಿ ನೀನು." ಮೊದಲನೇ ಭಾನುವಾರವೇ ಅವಳಿಗೆ ಗೊತ್ತಾಗಿತ್ತು!

ಹಾಗಾದರೆ ನನ್ನನ್ನು ಬೈದದ್ದೆಲ್ಲ? "ನಿನಗ ಅಂದದ್ದು. ಎದುರಿಗೆ ಅಂದ್ರ ಬಾಗ್ಲಾ ಬಡದ ಹೋಗ್ತಿದ್ದಿ. ಫೋನಿನ್ಯಾಗ ಕೂತು ಕೇಳಿದಿ." ಅವ್ವನ ಮಾತೂ ಬೇಕೆಂದೇ ಅಂದೆಯಾ ಎಂದೆ. "ಇಪ್ಪತ್ತ ವರ್ಷಾತು. ಈಗರ ಅಳತೀಯೇನೋ ಅಂತ ನೋಡಿದೆ" ಎಂದಳು. ನಾನು ಅಳಲಿಲ್ಲ, ಪಾತ್ರೆ ತೊಳೆದೆ. ಮಾಡಿದ್ದುಣ್ಣೋ ಮಹಾರಾಯ ಎಂದು ಊರಿಗೆಲ್ಲ ಹೇಳುವವಳು ನಾನು, ಅಂದು ಉಂಡೆ. ಖರೆ ಕಥೆ ಬೇರೆ ಇದೆ, ಹೇಳುತ್ತೇನೆ ಎಂದರೆ, "ಬ್ಯಾಡ. ನಿನ್ನ ಬಾಯಿ ತೊಳೀಲಾರದ ಡಬ್ಬಿ" ಎಂದಳು. ಅಂದಿನಿಂದ ನನ್ನ ಜೊತೆ ಆಡುವುದು ಮೂರೇ ಮಾತು: ನೀರು, ಮಾತ್ರೆ, ಸಾಕು.

ಇಷ್ಟೇ ಇಲ್ಲಿಯ ಸುದ್ದಿ. ಕಲ್ಮೇಶ್ ನಿನ್ನನ್ನು ಕೇಳಿದ್ದಾರೆ. ಚಳಿ ಬಂತು, ಅಟ್ಲಾಂಟಾದಲ್ಲಿ ಚಳಿಯೇ ಇಲ್ಲ ಎಂದು ತೆಳುವಾದ ಸ್ವೆಟರ್ ಹಾಕಿಕೊಂಡು ಮೆರೆಯಬೇಡ. ದೇವರು ನಿನಗೆ ಆರೋಗ್ಯ ಕೊಡಲಿ, ನನಗಿಂತ ಸ್ವಲ್ಪ ಹೆಚ್ಚು ಬುದ್ಧಿಯನ್ನೂ ಕೊಡಲಿ.

ನಿನ್ನ ಅಕ್ಕ,
ಶ್ರೀದೇವಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಬರೆದುಬಿಡುತ್ತೇನೆ. ಮಾರ್ಚ್‌ನ ಆ ಮಾತು ಆಯಿ ಆಡಿದ್ದಲ್ಲ. ಕಥೆ ಸಾಕಾಗಿದೆ ಎಂದು ಅವಳು ಯಾವತ್ತೂ ಅಂದಿಲ್ಲ, ನಾನೇ ಹುಟ್ಟಿಸಿ ಹೇಳಿದೆ. ಅವಳಿಗೂ ಇದನ್ನು ಇವತ್ತು ಹೇಳಿದೆ. ಸೀರೆಯ ಸೆರಗು ಸರಿಮಾಡಿಕೊಂಡಳು. ಖಣವನ್ನು ಒಲೆ ಒರೆಸಲು ಬಳಸಿಲ್ಲ, ಅವಳ ಟ್ರಂಕಿನ ಮೇಲೇ ಇಟ್ಟಿದ್ದೇನೆ. ನೀನು ಫೋನ್ ಮಾಡಿ ಪ್ರಯೋಜನವಿಲ್ಲ. ಹೋದ ಭಾನುವಾರ ತಡೆಯಲಾರದೆ ಮತ್ತೆ ಕೆಳಗಿಳಿದು ಕರೆ ಮಾಡಿದೆ, "ಆಯಿ" ಎನ್ನುತ್ತಲೇ ಕಟ್ ಮಾಡಿದಳು. ಈಗ ಆ ದನಿ ಯಾರದಾದರೂ ಅವಳಿಗೆ ನನ್ನದೇ. ಮಾವ ಎಂದರೂ ನಂಬುವುದಿಲ್ಲ, ಆ ಪದವೂ ಈಗ ನನಗೆ ಗೊತ್ತು. ನೀನೇ ಬರಬೇಕು. ಮುಂದಿನ ಭಾನುವಾರ ಹತ್ತಕ್ಕೆ ಬಾಗಿಲು ತೆರೆದಿರುತ್ತದೆ, ನಾನು ಮನೆಯಲ್ಲಿ ಇರುವುದಿಲ್ಲ. ಒಳಗೆ ಹೋದ ಕೂಡಲೇ ಮಾತಾಡಬೇಡ, ಮೊದಲು ಅವಳಿಗೆ ನಿನ್ನ ಬೆಚ್ಚನೆಯ ಕೈ ಕೊಡು.