ಜೆನಿಟಾಳ ಕನಸಿನ ಫ್ಯಾನು

ಲೇಕ್ ಸೆಬು, ಮಾರ್ಚ್ ೧೧, ಮಂಗಳವಾರ

ಬೆಳಗಿನಿಂದ ತಲೆಯೊಳಗೆ ಫ್ಯಾನೇ ತಿರುಗುತ್ತಿದೆ. ಕನಸಿನಲ್ಲಿ ಕಾಣದ ಚಿತ್ತಾರವನ್ನು ನಾವು ನೇಯುವುದಿಲ್ಲ, ನಿಜ. ಕನಸು ಕೊಡುವವಳು ನಾರಿನ ದೇವತೆ ಫು ದಾಲು, ಅದೂ ನಿಜ. ಆದರೆ ನನ್ನ ಶಿಷ್ಯೆ ಜೆನಿಟಾಳಿಗೆ ಅವಳು ಕೊಟ್ಟಿದ್ದು ಸೀಲಿಂಗ್ ಫ್ಯಾನು!

"ಹೂವಿಲ್ಲ, ಮೊಸಳೆಯಿಲ್ಲ, ಫ್ಯಾನಂತೆ! ದೇವತೆಗೇನು ಸೆಕೆ ಆಗಿತ್ತಾ?" ಎಂದು ನಾದಿನಿ ಸುಲಾನ್ ಮಗ್ಗದ ಮನೆಯಲ್ಲಿ ಎಲ್ಲರೆದುರು ಕೂಗಾಡಿದಳು. ಹುಡುಗಿಯ ಕಣ್ಣು ತುಂಬಿತು. ಹಿರಿಯಳೆಂದು ತೀರ್ಪು ನಾನೇ ಕೊಡಬೇಕಿತ್ತು.

"ಫ್ಯಾನ್ ತಿರುಗ್ತಿತ್ತೇನೇ?"

"ಹೂಂ ದೊಡ್ಡಮ್ಮ, ಗಾಳೀನೂ ಬರ್ತಿತ್ತು."

"ನಿಮ್ಮನೇಲಿ ಫ್ಯಾನ್ ಇದೆಯಾ?"

"ಎಲ್ಲಿಂದ ಬರ್ಬೇಕು ದೊಡ್ಡಮ್ಮ?"

"ಹಾಗಾದ್ರೆ ಇದು ಫು ದಾಲು ಕೊಟ್ಟ ಕನಸೇ."

ನನಗೆಂದು ಕೂಡಿಟ್ಟಿದ್ದ ನಯವಾದ ಅಬಕಾ ನಾರನ್ನೆಲ್ಲ ಅವಳ ಮಡಿಲಿಗೆ ಸುರಿದೆ. ಸುಲಾನ್ ಮುಖ ಊದಿಸಿಕೊಂಡು ಎದ್ದುಹೋದಳು.

ಊಟವಾದ ಮೇಲೆ ಅದೇ ಸುಲಾನ್ ಹಿಂಬಾಗಿಲಲ್ಲಿ ಹಾಜರು.

"ಅತ್ತಿಗೆ, ಹೋದ ತಿಂಗಳು ನನ್ನ ಕನಸಲ್ಲಿ ರೈಸ್ ಕುಕ್ಕರ್ ಬಂದಿತ್ತು. ನಾಚಿಕೆಯಾಗಿ ಯಾರಿಗೂ ಹೇಳಿರ್ಲಿಲ್ಲ. ಸ್ವಲ್ಪ ನಾರು ಉಳಿದಿದೆಯಾ?"

ಕಣ್ಣು ಎಳೆಯುತ್ತಿದೆ, ಆದರೆ ಮಲಗಲು ಭಯ. ಫು ದಾಲು, ನನಗೆ ಮಾತ್ರ ಹಳೆಯ ಮೊಸಳೆಯನ್ನೇ ಕಳಿಸಮ್ಮ. ವಾಷಿಂಗ್ ಮಷೀನಿನ ಚಿತ್ತಾರಕ್ಕೆ ಬೇಕಾಗುವಷ್ಟು ಗಂಟುಗಳನ್ನು ನಾರಿಗೆ ಹಾಕಲು ಈ ಬೆರಳುಗಳಿಗೆ ಶಕ್ತಿಯಿಲ್ಲ.