ನೀರಿನ ಕಾಲಂನಲ್ಲಿ ಸೊನ್ನೆ

ಜುಲೈ 18, ಗುರುವಾರ. ವಡೋದರಾ.

ವಾಮನಣ್ಣ ನನ್ನ ಹೆಸರು ಹೇಳಲೇ ಇಲ್ಲ. ಹೇಳಿಬಿಟ್ಟಿದ್ದರೆ ಚೆನ್ನಾಗಿತ್ತು.

ಅವರು ಮ್ಯಾನೇಜರ್ ಆಗಿದ್ದ, ಸಚಿನ್ ಎಂಬ ಊರಿನ ಪೆಟ್ರೋಲ್ ಬಂಕಿನಲ್ಲಿ ಮೊನ್ನೆ ಪೆಟ್ರೋಲ್ ಜೊತೆ ಮಳೆನೀರೂ ಹೋಗಿ ಮೂವತ್ತು ಗಾಡಿಗಳು ಕೆಟ್ಟು ನಿಂತವು. ಟ್ಯಾಂಕಿನಲ್ಲಿ ನೀರಿದೆ ಎಂದು ನಮೂದಿಸಿದರೆ ನಾನು ಮಾಡಿದ ಸಾಫ್ಟ್‌ವೇರ್ ಬಂಕನ್ನೇ ಲಾಕ್ ಮಾಡುತ್ತದೆ. ನೀರು ತೆಗೆಸಿದರೂ ಲಾಕ್ ಬಿಡಲು ಎರಡು ದಿನ. ಹೋದ ಮಳೆಗಾಲದಲ್ಲಿ ಅವರು ಅಂಗಲಾಚಿದಾಗ ಫೋನಿನಲ್ಲಿ ನಾನೇ ಅಂದಿದ್ದೆ: "ಇನ್ಮೇಲೆ ಮೊದ್ಲು ಸೊನ್ನೆ ಹಾಕ್ಬಿಡಿ, ಆಮೇಲೆ ನೀರು ತೆಗ್ಸಿ."

ಈ ಸಲ ಸೊನ್ನೆ ಹಾಕಿದರು. ಹೊರಗೆ ಕ್ಯೂ ಇತ್ತು, ನೀರು ತೆಗೆಸಲಿಲ್ಲ.

ಇವತ್ತು ವಿಡಿಯೊದಲ್ಲಿ ವಿಚಾರಣೆ. "ಝೀರೋ ಡಾಲ್ನೇ ಕೋ ಕಿಸ್ನೇ ಬೋಲಾ?" ಸೊನ್ನೆ ಹಾಕಲು ಹೇಳಿದ್ದು ಯಾರು ಎಂದು ಕಂಪನಿಯ ಸಾಹೇಬರು ಗದರಿದರು. "ಕಿಸೀನೇ ನಹೀಂ, ಸಾಬ್," ಯಾರೂ ಹೇಳಿಲ್ಲ ಎಂದರು ವಾಮನಣ್ಣ. ನಾನು ಕ್ಯಾಮೆರಾ ಆಫ್ ಮಾಡಿಕೊಂಡು ಕೂತಿದ್ದೆ. ಕೆಲಸ ಹೋಯಿತು ಅವರದು. ಸಂಜೆ ಅವರೇ ಫೋನ್ ಮಾಡಿದರು: "ನೀವು ಉಪಕಾರಕ್ಕೇ ಹೇಳಿದ್ದಲ್ವಾ ಮೇಡಂ."

ಬೆಳಿಗ್ಗೆ ಒಂಬತ್ತಕ್ಕೆ ನನ್ನ ವರದಿ ಹೋಗಬೇಕು. 'ತಪ್ಪು ಯಾರದು' ಎಂಬ ಕಾಲಂ ಖಾಲಿ ಬಿಟ್ಟು ಮೂರು ಸಲ ಸಬ್ಮಿಟ್ ಒತ್ತಿದೆ. ತೆಗೆದುಕೊಳ್ಳುತ್ತಿಲ್ಲ. ಯಾವ ಕಾಲಮ್ಮೂ ಖಾಲಿ ಇರಕೂಡದೆಂದು ನಿಯಮ ಹಾಕಿದವಳೂ ನಾನೇ.