ಗುತ್ತಿಗೆಯವರು ಕಾಣದ ವ್ಯೂ

3 ಫೆಬ್ರವರಿ 2003, ಶಹಾಬಾದ
ಇಂದೂ ನಲವತ್ತು ಹೆಸರು ಟೈಪ್ ಮಾಡಿದೆ. ಕೀಬೋರ್ಡ್ ತುಂಬ ಕಲ್ಲಿನ ಪುಡಿ. ಕಲ್ಲಿನ ಕಾರ್ಖಾನೆಯ ಡೇಟಾಬೇಸ್ ಮುಗಿಯುತ್ತ ಬಂತು. ಮೇಲೆ 'ಕಾರ್ಮಿಕ' ಟೇಬಲ್, ಅಂದರೆ ಪಟ್ಟಿ: ಹೆಸರು, ವಯಸ್ಸು, ಹೋದ ವರ್ಷದ ಎಕ್ಸ್‌ರೇ. ಕೆಳಗೆ 'ಕಾಯಂ', 'ಗುತ್ತಿಗೆ'. ಮೇಲಿನ ಕಾಲಂಗಳೆಲ್ಲ ಇವೆರಡಕ್ಕೂ ತಾವೇ ಇಳಿಯುತ್ತವೆ — ಇನ್‌ಹೆರಿಟೆನ್ಸ್. 'ಕಾರ್ಮಿಕ'ನನ್ನು ಕೇಳಿದರೆ ಎಲ್ಲರೂ ಸಿಗುತ್ತಾರೆ.

6 ಫೆಬ್ರವರಿ
ಹೆಸರು ಹುಡುಕಲು ಹೊತ್ತು ಹಿಡಿಯುತ್ತಿತ್ತು. ಹೆಸರು ಬೇಗ ಸಿಗುವಂತೆ ಇಂಡೆಕ್ಸ್ ಹಾಕಿದೆ, ಪುಸ್ತಕದ ಕೊನೆಯ ಪದಸೂಚಿಯಂತೆ. ಆದರೆ ಇಂಡೆಕ್ಸ್ ಮಾತ್ರ ಕೆಳಗಿಳಿಯುವುದಿಲ್ಲ, ಪ್ರತಿ ಟೇಬಲಿಗೂ ಬೇರೆ ಬೇಕು. ಮ್ಯಾನೇಜರ್ ಪವಮಾನ ನಕ್ಕರು: "ಗುತ್ತಿಗೆಯವರನ್ನ ಯಾರ್ ಹುಡುಕ್ತಾರ್ರಿ ಶುಭಾಬಾಯಿ? ಬಿಡ್ರಿ."
ಬಿಟ್ಟೆ.

11 ಫೆಬ್ರವರಿ
ನಾಳೆ ಎದೆರೋಗದ ಡಾಕ್ಟರ್ ಬರುತ್ತಾರೆ.
"ಅವರಿಗೆ ಒಂದ್ ವ್ಯೂ ಮಾಡಿಕೊಡ್ರಿ. ಕಾಯಂದವರಷ್ಟೇ ಕಾಣಬೇಕು," ಎಂದರು ಪವಮಾನ.
"ಸರ್, ಗುತ್ತಿಗೆಯವರಿಗೇ ಕೆಮ್ಮು ಭಾಳ ಅದರಿ."
"ಅಳಿಸ್ರಿ ಅಂದೆನೇನು? ಕಾಣದಂಗ ಮಾಡ್ರಿ, ಅಷ್ಟೇ."
ಟೇಬಲ್ ಇದ್ದಂತೆಯೇ ಇರುತ್ತದೆ. ವ್ಯೂ ತೆರೆದವರಿಗೆ ನಾವು ಆರಿಸಿದ ಸಾಲುಗಳಷ್ಟೇ ಕಾಣುತ್ತವೆ. ಬರೆಯಲು ಎರಡು ನಿಮಿಷ ಸಾಕಾಯಿತು. ಅಪ್ಪನ ಔಷಧಿ, ಈ ನೌಕರಿ... ಮಾಡಿದೆ.

12 ಫೆಬ್ರವರಿ, ಮಧ್ಯಾಹ್ನ
ಡಾಕ್ಟರು ಹದಿನೇಳು ಮಂದಿಯನ್ನು ಗುಲ್ಬರ್ಗದ ಆಸ್ಪತ್ರೆಗೆ ಬರೆದುಕೊಟ್ಟರು. ಎಲ್ಲ ಕಾಯಂ. ಗುತ್ತಿಗೆಯ ಮೇಲೆ ಕಲ್ಲು ಕೊಯ್ಯುವ ಅಂಬರಾಯ ಸಾಲಿನಲ್ಲಿ ಕೂತೇ ಇದ್ದ, ನಿಲ್ಲಲು ಉಸಿರಿಲ್ಲ. ಅವನ ಹೆಂಡತಿ ಮರೆಮ್ಮ ಮೇಜಿನ ಹತ್ತಿರ ಬಂದಳು.
"ಬಾಯಾರ, ನಮ್ಮ ಮನಿಯವರ ಹೆಸರು ಕರೀಲೇ ಇಲ್ಲರಿ."
ಡಾಕ್ಟರು ಹೆಸರು ಕೇಳಿಕೊಂಡು ಪರದೆ ನೋಡಿದರು. "ಈ ಹೆಸರಿನವರು ಇಲ್ಲಮ್ಮ."
ಅವಳು ನನ್ನ ಮುಖ ನೋಡಿದಳು. ಪವಮಾನ ಬಾಗಿಲಲ್ಲಿದ್ದರು. ನಾನು ಕೀಬೋರ್ಡ್ ಒರೆಸಿದೆ.

9 ಏಪ್ರಿಲ್
ಅಂಬರಾಯ ಹೋದ. ಮೊನ್ನೆ ಸಂಜೆ. ಮೂವತ್ತೆಂಟು ವರ್ಷ.

10 ಏಪ್ರಿಲ್
ಹುಡುಕಿದೆ. ಇಂಡೆಕ್ಸ್ ಇಲ್ಲದ ಟೇಬಲ್... ಪರದೆ ಸುಮ್ಮನೆ ನಿಂತಿತ್ತು. ಆಮೇಲೆ ಬಂತು. ಅಂಬರಾಯ. ಎಕ್ಸ್‌ರೇ: ಎರಡೂ ಕಡೆ ಕಲೆ, ಕೂಡಲೇ ಆಸ್ಪತ್ರೆಗೆ ಕಳಿಸಿ. ಅದನ್ನು ಟೈಪ್ ಮಾಡಿದವಳು ನಾನೇ.
ಇಂಥ ವರದಿಯ ಗುತ್ತಿಗೆಯವರು ಇನ್ನೂ ಮೂವತ್ತೊಂದು ಮಂದಿ. ಪ್ರಿಂಟ್ ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡು ಹೊರಬಿದ್ದೆ.

11 ಏಪ್ರಿಲ್
ಪಟ್ಟಿಯನ್ನು ಡಾಕ್ಟರಿಗೆ ರಿಜಿಸ್ಟರ್ ಪೋಸ್ಟ್ ಮಾಡಿದೆ. ಕಾರ್ಖಾನೆಗೆ ಹೋಗಲಿಲ್ಲ. ಇನ್ನು ಹೋಗುವಂತೆಯೂ ಇಲ್ಲ.
ಪೋಸ್ಟ್ ಆಫೀಸಿನಿಂದ ನೇರ ಮರೆಮ್ಮನ ಮನೆಗೆ. ಹೊಸಿಲಲ್ಲಿ ಕೂತಿದ್ದಳು. "ಕುಂದ್ರಿ ಬಾಯಾರ," ಎಂದು ಚಾಪೆ ಹಾಸಿದಳು, ನೀರು ಕೊಟ್ಟಳು. ಎಲ್ಲ ಹೇಳಿದೆ — ಪಟ್ಟಿ, ಪೋಸ್ಟು, ಉಳಿದ ಮೂವತ್ತೊಂದು ಮಂದಿ.
"ಛಲೋ ಮಾಡಿದ್ರಿ," ಎಂದಳು. ಖಾಲಿ ಲೋಟ ತೆಗೆದುಕೊಳ್ಳುತ್ತ, "ಅವತ್ತ ಡಾಕ್ಟರು ಇಲ್ಲ ಅಂದಾಗ... ಹೆಸರು ಒಳಗ ಅದ ಅಂತ ನಿಮಗ ಗೊತ್ತಿತ್ತೇನ್ರಿ?"
ನಾನು "ಗೊತ್ತಿತ್ತರಿ," ಎಂದೆ.